ಕೊಕ್ಕರೆಯ ಇನ್ನೊಂದು ಕಾಲು

ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳದಂತೆ ಕರಟ ಬಿಡಿಸುವುದೆಂದರೆ ಹುಡುಗಾಟವಲ್ಲ. ಕಂದಿಕೆರೆಯ ಪುಟ್ಟಗಂಗಮ್ಮ ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಅಪ್ಪಿತಪ್ಪಿ ಗೀರು ಬಿದ್ದರೆ ಉಂಡೆಯನ್ನು ತಾನೇ ಬೇರೆ ತೆಗೆದಿಟ್ಟು, "ಇದು ನನ್ ಕೈತಪ್ಪು" ಎಂದು ಒಪ್ಪಿಸುವುದು ಅವಳ ವಾಡಿಕೆ. ಆ ಮಾತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಎಪ್ಪತ್ತೆಂಟರ ಬೇಸಿಗೆಯಲ್ಲಿ, ಅವಳು ಕೆಲಸಕ್ಕೆ ಹೋಗುತ್ತಿದ್ದ ತಿಪಟೂರಿನ ಸಾಹುಕಾರ ಏಕಾಂತಯ್ಯನ ಅಟ್ಟದಿಂದ ಕಾಯಿ ಇಳಿಸಿದರು. ಕಾಯಿ ಉರುಳದಂತೆ ಅಡ್ಡ ನಿಲ್ಲಿಸಿದ್ದ ಹಳೆಯ ತಡಿಕೆಯೂ ಇಳಿಯಿತು. ಅದನ್ನು ಏಕಾಂತಯ್ಯನ ತಾತ ಯಾವನೋ ದೊರೆಯ ಬಂಗಲೆಯ ಹರಾಜಿನಲ್ಲಿ ತಂದಿದ್ದನಂತೆ. ಮನೆಯವರಿಗೆ ಹಿಡಿಸದೆ ಅಟ್ಟ ಸೇರಿ ಹೊಗೆಯ ಇಲ್ಲಣ ಮೆತ್ತಿಕೊಂಡಿತ್ತು.

"ಒಲೆಗಾಕ್ ಬುಡು," ಎಂದು ಸಾಹುಕಾರ ಮಂಡಿಗೆ ಹೊರಟ.

ಪುಟ್ಟಗಂಗಮ್ಮ ಎತ್ತಿದರೆ ಅದು ಆರು ಮಡಿಕೆಯಾಗಿ ಬಿಚ್ಚಿಕೊಂಡಿತು. ಹಿಂದಕ್ಕೂ ಮಡಚುತ್ತದೆ, ಮುಂದಕ್ಕೂ ಮಡಚುತ್ತದೆ. ಮಡಿಕೆಯ ಸಂದಿನಲ್ಲಿ ಹುಡುಕಿದರೆ ಒಂದು ಮೊಳೆಯಿಲ್ಲ, ಕೀಲಿಲ್ಲ, ಬರೀ ಕಾಗದ! ಕುತೂಹಲ ತಡೆಯದೆ ಸೆರಗು ಒದ್ದೆ ಮಾಡಿ ಒಂದು ಮೂಲೆ ಒರೆಸಿದಳು. ಮಸಿಯಡಿಯಿಂದ ಚಿನ್ನ ಹೊಳೆಯಿತು. ಚಿನ್ನದ ಮೇಲೆ ಕೊಕ್ಕರೆಯ ಎರಡು ಕಾಲು. ಇನ್ನೊಮ್ಮೆ ಒರೆಸಿದಳು. ಒಂದು ಕಾಲು ಸೆರಗಿಗೆ ಬಂದುಬಿಟ್ಟಿತು.

ಆಮೇಲೆ ನೀರು ಮುಟ್ಟಿಸಲಿಲ್ಲ. ಒಲೆಗೆ ಹಾಕುವುದು ಬೇಡವೆಂದು ಸಾಹುಕಾರನನ್ನು ಬೇಡಿಕೊಂಡು, ಒಣ ಹತ್ತಿಯಲ್ಲಿ ಮೂರು ದಿನ ಉಸಿರು ಬಿಗಿಹಿಡಿದು ಸವರಿದಳು. ಏಳು ಕೊಕ್ಕರೆಗಳು ಎದ್ದು ನಿಂತವು. ಒಂದೊಂದು ಗರಿಯನ್ನೂ ಬಿಡಿಬಿಡಿಯಾಗಿ ಬರೆದ ಆ ಕೈ ಯಾವುದಿದ್ದೀತು ಎಂದು ಅವಳು ಬೆರಗಾದಳು.

ಸುದ್ದಿ ತಿಳಿದು ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬಸವರಾಜು ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ತಡಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಕ್ಕಿಯನ್ನು ನೋಡಿದರು.

"ಜಪಾನಿಂದು ಕಣ್ರೀ! ಇನ್ನೂರು ವರ್ಷದ್ದಾದ್ರೂ ಇರ್ಬೇಕು. ಈ ಮೂಲೇದು ನೋಡಿ, ನಮ್ ಕೆರೇಲಿ ನಿಂತಂಗೇ ಒಂಟಿಕಾಲಲ್ಲಿ ನಿಂತೈತೆ. ಏನ್ ಕಣ್ಣು ಆ ಪುಣ್ಯಾತ್ಮಂದು!"

ಸಾಹುಕಾರ ಹಿಗ್ಗಿಹೋದ. ಪುಟ್ಟಗಂಗಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಸುಮ್ಮನಿರಲು ಆಗಲಿಲ್ಲ.

"ಅದಕ್ಕೆ ಎಲ್ಡು ಕಾಲಿತ್ತು ಸ್ವಾಮಿ. ಒಂದು ನನ್ ಕೈತಪ್ಪು."

ಏಕಾಂತಯ್ಯ ಅವಳನ್ನೂ ಹಕ್ಕಿಯನ್ನೂ ನೋಡಿದ. ಬಯ್ಯುತ್ತಾನೆಂದು ಅವಳು ತಲೆ ತಗ್ಗಿಸಿದಳು.

"ನೀನು ಒಂದು ಕಾಲು ಅಳಿಸ್ದೆ ಕಣಮ್ಮ," ಎಂದ. "ನಾನು ಏಳನ್ನೂ ಒಲೆಗಾಕು ಅಂದಿದ್ದೆ."

ಅವತ್ತು ಮನೆಗೆ ಹೊರಡುವ ಮುಂಚೆ ಪುಟ್ಟಗಂಗಮ್ಮ ಆ ಒಂಟಿಕಾಲಿನ ಹಕ್ಕಿಗೆ ಕೈಮುಗಿದಳು. ಏಕಾಂತಯ್ಯನೂ ಪಕ್ಕದಲ್ಲೇ ನಿಂತು ಮುಗಿದ.