ಮೂರನೆಯ ಸಹಿ

ಚೀನಾದಲ್ಲಿ ನೌಕರಿ ಒಪ್ಪಂದಕ್ಕೆ ವಿದ್ಯಾರ್ಥಿ, ಕಂಪನಿ, ಕಾಲೇಜು ಮೂವರೂ ಸಹಿ ಹಾಕುತ್ತಾರೆಂದು ನಮ್ಮ ಬಳ್ಳಾರಿ ಕಾಲೇಜಿನ ಪ್ರಿನ್ಸಿಪಾಲರು ಎಲ್ಲೋ ಕೇಳಿ ಬಂದರು. ಅಂಥದ್ದೇ ಕಾಗದ ಅಚ್ಚು ಹಾಕಿಸಿ ನನ್ನನ್ನು ಸಿರುಗುಪ್ಪದ ರೈಸ್‌ಮಿಲ್ಲಿಗೆ ಅಟ್ಟಿದರು.

ಮಿಲ್ಲಿನ ಸಾಹುಕಾರರು ಒಂದೊಂದೇ ಕಾಗದ ಓದಿ, ಮೂಲೆಗೆ ಅರಿಶಿನ ಹಚ್ಚಿ, ಸಹಿ ಮಾಡಿದರು.

"ಎರಡು ವರ್ಷ ಹುಡುಗ್ರನ್ನ ಕೆಲಸದಿಂದ ತೆಗಿಯಂಗಿಲ್ಲ ಅಂತ ಬರ್ದೀರಿ, ಚಲೋ ಐತಿ. ನಿಮಗೂ ಹಿಂಗ ಬರ್ದು ಕೊಟ್ಟಾರೇನ್ರಿ ಸರ?"

"ಇಲ್ರಿ. ನಾನು ಗೆಸ್ಟ್ ಲೆಕ್ಚರರ್. ಪ್ರತಿ ವರ್ಷ ಪರೀಕ್ಷಿ ಮುಗಿದ ಕೂಡ್ಲೆ ಮನಿಗೆ ಕಳಸ್ತಾರ."

"ಎಷ್ಟು ವರ್ಷಾತ್ರಿ?"

"ಒಂಬತ್ತು."

ಅವರು ಹೆಸರು ತುಂಬದೆ ಉಳಿದಿದ್ದ ಒಂದು ಒಪ್ಪಂದದ ಕಾಗದಕ್ಕೂ ಅರಿಶಿನ ಹಚ್ಚಿ, ಸಹಿ ಮಾಡಿ, ನನ್ನ ಕಡೆ ಸರಿಸಿದರು. ವಿದ್ಯಾರ್ಥಿಯ ಜಾಗದಲ್ಲಿ ನಾನೂ ಸಹಿ ಮಾಡಿದೆ.

ಕಾಲೇಜಿಗೆ ಮರಳಿ ಆ ಕಾಗದಕ್ಕೆ ಮೂರನೆಯ ಸಹಿ ಕೇಳಿದಾಗ ಪ್ರಿನ್ಸಿಪಾಲರು ತಲೆ ಕೆರೆದುಕೊಂಡರು: "ನೀವು ವಿದ್ಯಾರ್ಥಿನೂ ಅಲ್ಲ, ಕಾಲೇಜಿನವರೂ ಅಲ್ಲ. ನಾನು ಯಾರಿಗಂತ ಸಹಿ ಹಾಕ್ಲಿ?"