ಪಾತ್ರ ಪರಿಚಯ, ಹನ್ನೆರಡು ಪ್ರತಿ

ನಮ್ಮನೆಯವರು ಸಿನಿಮಾಕ್ಕೆ ಬರೀತಾರೆ ಅಂದ ತಕ್ಷಣ ಜನ ಕೇಳೋದು ಒಂದೇ ಮಾತು, ಯಾವ ಸಿನಿಮಾ ಅಂತ. ಅಲ್ಲಿಗೆ ನನ್ನ ಬಾಯಿ ಬಂದ್. ಹದಿನಾಲ್ಕು ವರ್ಷ ಬರೆದಿದ್ದಾರೆ, ಒಂದರಲ್ಲೂ ಹೆಸರಿಲ್ಲ. ಒಬ್ಬರ ಕಥೆಗೆ ಮಾತು ತಿದ್ದಿಕೊಟ್ಟರು, ಇನ್ನೊಬ್ಬರ ಕಥೆಗೆ ಕೊನೆ ಹುಡುಕಿಕೊಟ್ಟರು, ಎಲ್ಲಾ ಅವರಿವರ ಹೆಸರಲ್ಲಿ. ಸಿನಿಮಾ ಮುಗಿದು ಪರದೆ ಮೇಲೆ ಅಕ್ಷರ ಓಡುವಾಗ ನಾನು ಕಣ್ಣು ಕಿರಿದು ಮಾಡಿಕೊಂಡು ಕೊನೇ ಸಾಲಿನ ತನಕ ಕೂತಿರ್ತಿದ್ದೆ. ಗುಡಿಸೋರು ಬಂದು "ಏಳ್ರಮ್ಮ, ಮುಗೀತು" ಅನ್ನಬೇಕು, ಆಗ ಏಳ್ತಿದ್ದೆ.

ಅದಕ್ಕೆ ಮುಂಚೆ ಅವರು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಫೋನ್ ತಗೊಳ್ಳೋ ಕೆಲಸದಲ್ಲಿದ್ದರು. ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡೋರು ಒಳಗಿಂದ ಗುಂಡಿ ಒತ್ತಿದರೆ ಇವರಿಗೆ ಫೋನ್. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯೋ ತನಕ ಅವರನ್ನ ಮಾತಾಡಿಸ್ತಾ ಇರಬೇಕು, ಅಷ್ಟೇ ಕೆಲಸ. ಹೆದರಿದ ಮನುಷ್ಯ ಹೇಗೆ ಮಾತಾಡ್ತಾನೆ ಅನ್ನೋದನ್ನ ಈ ಮಹಾಶಯರು ಅಲ್ಲೇ ಕಲಿತದ್ದು. ಒಂದು ದಿನ ಹಾಗೆ ಸಿಕ್ಕಿಬಿದ್ದೋರು ನಮ್ಮ ಮೇಷ್ಟ್ರು. ಅವರು ಪಾಠ ಹೇಳೋ ಮೇಷ್ಟ್ರಲ್ಲ, ಮೂವತ್ತು ವರ್ಷ ಸಿನಿಮಾಕ್ಕೆ ಬರೆದ ಹಿರಿಯರು, ಎಲ್ಲರೂ ಹಾಗೆ ಕರೀತಾರೆ. ನಲವತ್ತು ನಿಮಿಷ ಇವರ ಮಾತು ಕೇಳಿ, ಹೊರಗೆ ಬಂದ ಮೇಲೆ ಕಂಪನಿಗೆ ಫೋನ್ ಮಾಡಿ, "ಆ ಫೋನಲ್ಲಿ ಮಾತಾಡಿದ ಹುಡುಗ ಬರೀತಾನಾ?" ಅಂತ ವಿಚಾರಿಸಿದರಂತೆ. ಹುಡುಗನಿಗೆ ಆಗ ಮೂವತ್ತೊಂದು ವರ್ಷ!

ಮೇಷ್ಟ್ರು ಬರೆಯೋದನ್ನ ಕಲಿಸಿದ್ದು ಕಡಿಮೆ. ಕಲಿಸಿದ್ದೆಲ್ಲ ಜನರನ್ನ. ಯಾವ ಆಫೀಸಿಗೆ ಬೆಳಗ್ಗೆ ಹೋಗಬೇಕು, ಯಾವುದಕ್ಕೆ ಊಟ ಆದ ಮೇಲೆ, ಯಾರ ಮುಂದೆ ಕಥೇನ ನಿಂತು ಹೇಳಬೇಕು, ಯಾರ ಮುಂದೆ ಕೂತು, ಎಲ್ಲ ಹೇಳಿಕೊಟ್ಟರು. ಕೈ ಹಿಡಿದು ಮನೆಮನೆಗೆ ಕರ್ಕೊಂಡು ಹೋಗಿ "ಇವನು ನಮ್ಮೋನು" ಅಂತ ಪರಿಚಯ ಮಾಡಿಸಿದರು. "ಯಾರನ್ನ ನೋಡಿ ಬಂದರೂ ಮೂರು ಸಾಲು ಬರೆದಿಡು ಕಣಯ್ಯ. ಅವನಿಗೆ ಏನು ಬೇಕು, ಯಾತಕ್ಕೆ ಹೆದರ್ತಾನೆ, ಯಾರ ಮಾತು ಕೇಳ್ತಾನೆ. ಪಾತ್ರಕ್ಕೂ ಅದೇ, ಮನುಷ್ಯನಿಗೂ ಅದೇ" ಅಂತ ಹೇಳಿದೋರೂ ಅವರೇ. ನಮ್ಮನೆಯವರು ಸಂಜೆ ಬಂದು ಶೂ ಬಿಚ್ಚೋದರೊಳಗೆ ಹೇಳೋಕೆ ಶುರು, ನಾನು ಟೈಪ್ ಮಾಡೋದು. ಅವರ ಕಥೆಗಳನ್ನೂ ನಾನೇ ಟೈಪ್ ಮಾಡ್ತಿದ್ದೆ, ಈ ಜನರನ್ನೂ ನಾನೇ. ಯಾರ ಕೈಗಾದ್ರೂ ಸಿಕ್ಕೀತು ಅಂತ ಹೆಸರು ಹಾಕ್ತಿರಲಿಲ್ಲ, ಅಡ್ಡಹೆಸರು ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಪುಟ.

ಕೊನೆಗೂ ಹೋದ ವರ್ಷ ಒಂದು ಕಥೆ ಗಟ್ಟಿಯಾಗೋ ಹಂತಕ್ಕೆ ಬಂತು. ಇವರದೇ ಕಥೆ, ಇವರದೇ ಮಾತು, ಪರದೆ ಮೇಲೆ ಇವರ ಹೆಸರು ಒಂದೇ. ಪ್ರೊಡ್ಯೂಸರನ್ನ ಒಪ್ಪಿಸಿದ್ದೂ ಮೇಷ್ಟ್ರೇ. ಉಳಿದದ್ದು ಒಂದು ಓದು ಅಷ್ಟೇ. ಎಲ್ಲರೂ ಮೇಜಿನ ಸುತ್ತ ಕೂತು ಕಥೇನ ಮೊದಲಿಂದ ಕೊನೇ ತನಕ ಓದ್ತಾರೆ, ಅದಾದ ಮೇಲೆ ಹೂಂ ಅಥವಾ ಉಹೂಂ. ಮೇಷ್ಟ್ರು ಹೇಳಿದ್ದರು, ಈ ಆಫೀಸಿನಲ್ಲಿ ಒಂದು ಸಲ ಉಹೂಂ ಅನ್ನಿಸಿಕೊಂಡೋನನ್ನ ಬೇರೆ ಯಾರೂ ಒಳಗೆ ಬಿಟ್ಟುಕೊಳ್ಳಲ್ಲ ಅಂತ. ಆ ವಾರವೆಲ್ಲ ನಮ್ಮನೆಯವರಿಗೆ ಅನ್ನ ಇಳೀಲಿಲ್ಲ, ನನಗೆ ನಿದ್ದೆ ಹತ್ತಲಿಲ್ಲ.

ಓದಿಗೆ ಹನ್ನೆರಡು ಪ್ರತಿ ಬೇಕು. ಮೊದಲಿಗೆ ಪಾತ್ರ ಪರಿಚಯ, ಅದರ ಹಿಂದೆ ಕಥೆ. ಹಿಂದಿನ ದಿನ ಡ್ರಾಯರಿಂದ ಎರಡು ಕಟ್ಟು ತೆಗೆದು ಜೆರಾಕ್ಸ್ ಅಂಗಡಿಗೆ ಕೊಟ್ಟು, ಬೈಂಡ್ ಮಾಡಿಸಿ ತಂದವಳು ನಾನೇ. ಅಂಗಡಿಯವರು ದಾರ ಸುತ್ತಿ ಅಚ್ಚುಕಟ್ಟಾಗಿ ಕಟ್ಟಿಕೊಟ್ಟಿದ್ದರು. "ಒಂದ್ಸಲ ಬಿಚ್ಚಿ ನೋಡ್ರೀ" ಅಂತ ನಮ್ಮನೆಯವರಿಗೆ ಅಂದೆ. "ಬಿಚ್ಚಿದ್ರೆ ಮತ್ತೆ ಇಷ್ಟು ಚೆನ್ನಾಗಿ ಕಟ್ಟೋಕೆ ನಿನಗೂ ಬರಲ್ಲ, ನನಗೂ ಬರಲ್ಲ" ಅಂದುಬಿಟ್ಟರು. ಬೆಳಗ್ಗೆ ಕಟ್ಟು ಕಂಕುಳಲ್ಲಿಟ್ಟುಕೊಂಡು ಹೊರಟರು.

ಹತ್ತು ಗಂಟೆಗೆ ಯಾಕೋ ಡ್ರಾಯರ್ ಸರಿ ಮಾಡೋಣ ಅಂತ ಎಳೆದೆ. ಕಥೆಯ ಪಾತ್ರ ಪರಿಚಯ ಅಲ್ಲೇ ಇತ್ತು. ನೀಲಿ ಕ್ಲಿಪ್ಪು ಹಾಕಿದ್ದು, ಅಲ್ಲಾಡದೆ ಕೂತಿತ್ತು.

ಹಾಗಾದ್ರೆ ಅಂಗಡಿಗೆ ಕೊಟ್ಟದ್ದು ಯಾವುದು? ಡ್ರಾಯರೆಲ್ಲ ಮೊಗಚಿ ಹಾಕಿದೆ. ಅದರ ಪಕ್ಕದಲ್ಲೇ ಇರ್ತಿದ್ದ, ಈ ಸಿನಿಮಾದ ಜನರ ಕಟ್ಟು ಇರಲಿಲ್ಲ. ಎಂಟು ಪುಟ, ಎಂಟು ಜನ, ಅದರಲ್ಲಿ ನಾಲ್ಕು ಜನ ಈಗ ಅದೇ ಮೇಜಿನ ಸುತ್ತ ಕೂತಿರೋರು! ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ ಅಂತ ಬಾಯಿಬಿಟ್ಟೇ ಬೈಕೊಂಡೆ. ಫೋನ್ ಮಾಡಿದೆ, ಸ್ವಿಚ್ ಆಫ್. ಓದಿಗೆ ಹೋಗುವಾಗ ಎಲ್ಲರ ಫೋನೂ ಬಾಗಿಲಲ್ಲೇ ತೆಗೆದಿಟ್ಟುಕೊಳ್ತಾರೆ, ಅದು ಅವರ ಪದ್ಧತಿ. ನೀಲಿ ಕ್ಲಿಪ್ಪಿನ ಕಟ್ಟು ಚೀಲಕ್ಕೆ ತುರುಕಿ, ಮನೆ ಚಪ್ಪಲಿಯಲ್ಲೇ ಓಡಿದೆ.

ಬಸ್ಸಲ್ಲಿ ಕೂತರೆ ಒಂದೊಂದು ಪುಟಾನೂ ಕಣ್ಣಿಗೆ ಕಟ್ಟುತ್ತೆ. ನಾನೇ ಟೈಪ್ ಮಾಡಿದ್ದಲ್ವಾ, ಬಾಯಿಪಾಠ. ಮೊದಲನೇ ಪುಟ ಪ್ರೊಡ್ಯೂಸರ್‌ದು. "ಅಡ್ಡಹೆಸರು ಪೆನ್ನು. ಬೇಕಾದ್ದು: ತನ್ನನ್ನ ಎಲ್ಲರೂ ಓದಿಕೊಂಡೋನು ಅನ್ನಬೇಕು. ಹೆದರೋದು: ಭಾವಮೈದನಿಗೆ. ಅವನು ತಲೆ ಆಡಿಸದೆ ಇವನು ಉಸಿರೂ ಬಿಡಲ್ಲ." ಎರಡನೇದು ಡೈರೆಕ್ಟರ್‌ದು. "ಹೆದರೋದು: ಕಥೆ ಅರ್ಥವಾಗಿಲ್ಲ ಅಂತ ಗೊತ್ತಾಗಿಬಿಡುತ್ತೆ ಅಂತ. ಅದಕ್ಕೇ ಎಲ್ಲಾದಕ್ಕೂ ಇನ್ನೂ ಆಳ ಬೇಕು ಅಂತಾನೆ." ಹೀಗೇ.

ಎಂಟನೇ ಪುಟ ಮಾತ್ರ ನೆನಪು ಮಾಡ್ಕೋಬಾರದು ಅಂತ ಕಿಟಕಿಯಾಚೆ ನೋಡಿದೆ. ಅದು ಮೇಷ್ಟ್ರ ಪುಟ. ಅದನ್ನ ನಮ್ಮನೆಯವರು ಹೇಳುವಾಗ ನಾನು ಕೈ ನಿಲ್ಲಿಸಿದ್ದೆ. "ಇದನ್ನ ನಾನು ಟೈಪ್ ಮಾಡಲ್ಲ, ಅನ್ನ ಹಾಕಿದ ಕೈ ಅದು" ಅಂದಿದ್ದೆ. "ಬೈಗುಳ ಅಲ್ಲ ಕಣೇ ಇದು, ಲೆಕ್ಕಾಚಾರ. ಅವರೇ ಕಲಿಸಿದ್ದು" ಅಂದರು. ಒಂದು ಗಳಿಗೆ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ಟೈಪ್ ಮಾಡಿದೆ. ಮಾಡಿದೆ, ಸುಳ್ಳು ಯಾಕೆ ಹೇಳಲಿ?

ಆಫೀಸು ಮೂರನೇ ಮಹಡಿ. ಬಾಗಿಲಲ್ಲಿ ಕೂತಿದ್ದ ಹೆಂಗಸಿಗೆ "ರೈಟರ್ ಹೆಂಡತಿ, ಒಂದು ಕಾಗದ ಬಿಟ್ಟು ಬಂದಿದ್ದಾರೆ" ಅಂದೆ. ನನ್ನ ಮುಖ ನೋಡಿ ಪಾಪ, ನೀರು ಕೊಟ್ಟು ಒಳಗೆ ಬಿಟ್ಟಳು. ಉದ್ದ ಮೇಜು, ಒಂದೇ ಕಿಟಕಿ, ಬಿಸ್ಕತ್ತಿನ ತಟ್ಟೆ. ಆ ಜನರನ್ನ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ, ಆದರೆ ಕಾಲಿಟ್ಟ ತಕ್ಷಣ ಒಬ್ಬೊಬ್ಬರೂ ಗೊತ್ತಾದರು. ಪೆನ್ನಿನ ತುದಿ ಟಕ್ ಟಕ್ ಅನ್ನಿಸ್ತಿದ್ದೋರು ಪ್ರೊಡ್ಯೂಸರ್. ಪಕ್ಕದಲ್ಲಿ ಮಾತಿಲ್ಲದೆ ಕೂತ ದಪ್ಪ ಕನ್ನಡಕದೋರು ಭಾವಮೈದ. ಗಡ್ಡ ನೀವಿಕೊಳ್ತಿದ್ದೋರು ಡೈರೆಕ್ಟರ್. ಅವರ ಎದೆಯೊಳಗಿನ ಭಯವೆಲ್ಲ ನನಗೆ ಗೊತ್ತು, ಅವರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ. ಗೋಡೆ ಬದಿಯ ಕುರ್ಚಿಯಲ್ಲಿ ಕೂತೆ.

ನಮ್ಮನೆಯವರು ನನ್ನ ನೋಡಿದರು. ಅವರಿಗೆ ಆಗಲೇ ಗೊತ್ತಾಗಿತ್ತು. ಆಗತಾನೆ ಹಂಚಿದ ಪ್ರತಿ ಅವರ ಮುಂದೆ ತೆರೆದೇ ಇತ್ತು, ಮುಖ ಸುಣ್ಣದ ಹಾಗೆ ಬೆಳ್ಳಗೆ.

ಪ್ರೊಡ್ಯೂಸರ್ ಮೊದಲನೇ ಪುಟದ ಮೇಲೆ ಬೆರಳಿಟ್ಟು ನಗ್ತಾ ಇದ್ದರು. "ಯಾರ್ರೀ ಇವನು, ಭಾವಮೈದನಿಗೆ ಹೆದರೋನು? ಪಕ್ಕದ ಬೀದಿ ಪ್ರೊಡ್ಯೂಸರ್ ಇದ್ದ ಹಾಗೇ ಇದ್ದಾನೆ!" ಇಬ್ಬರು ಮೂವರು ನಕ್ಕರು. ಭಾವಮೈದ ನಗಲಿಲ್ಲ. ಓದಿದ ಪುಟಾನೇ ಇನ್ನೊಂದು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಪ್ರೊಡ್ಯೂಸರ್ ಕೈಯಲ್ಲಿದ್ದ ಪೆನ್ನನ್ನೇ ನೋಡಿದರು. ಮುಗೀತು, ಹದಿನಾಲ್ಕು ವರ್ಷ ಈ ಗಳಿಗೆಗೆ ಮುಗೀತು ಅಂದ್ಕೊಂಡೆ.

ಅಷ್ಟರಲ್ಲಿ ಮೇಜಿನ ಆ ಕೊನೆಯಿಂದ ಮೇಷ್ಟ್ರ ದನಿ. "ಎಲ್ಲರೂ ಮುಚ್ಚಿಡಿ ಪುಸ್ತಕ. ಕಥೆ ಕಣ್ಣಲ್ಲಿ ಓದಿದ್ರೆ ಆತುರ ಜಾಸ್ತಿ, ಮುಂದಿನ ಪುಟಕ್ಕೆ ಹಾರ್ತೀರಿ. ಪಾತ್ರಗಳನ್ನ ನಾನು ಓದ್ತೀನಿ, ಕೇಳಿ." ಪುಟಗಳನ್ನ ಅವರು ಆಗಲೇ ಸರಸರ ತಿರುವಿ ನೋಡಿ ಆಗಿತ್ತು. ಎಂಟನೇದನ್ನೂ. ನಮ್ಮನೆಯವರ ಕಡೆ ಒಂದು ಸಲ ನೋಡಿದರು, ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ರೆ ನನಗೆ ಅಷ್ಟು ಹೆದರಿಕೆ ಆಗ್ತಿರಲಿಲ್ಲ.

ಓದೋಕೆ ಶುರು ಮಾಡಿದರು. ಪುಟದ ಮೇಲೆ ಕಣ್ಣು, ಬಾಯಲ್ಲಿ ಬೇರೇನೇ. ಪೆನ್ನು ಅನ್ನೋನು ಹೋಟೆಲ್ ಮಾಲೀಕನಾದ, ಭಾವಮೈದನ ಜಾಗಕ್ಕೆ ಅಡುಗೆಯವನು ಬಂದ. "ಭಾವಮೈದ ಅಂತ ಬರೆದಿದ್ದಾನೆ, ಅದು ಹಳೇ ಕರಡು, ನನ್ನ ಹತ್ತಿರ ಹೋದ ವಾರಾನೇ ತಿದ್ದಿಸ್ಕೊಂಡು ಹೋದ" ಅಂದರು. ಡೈರೆಕ್ಟರ್ ಶಾಲೆ ಇನ್ಸ್‌ಪೆಕ್ಟರ್ ಆದರು. ಡೈರೆಕ್ಟರ್ ಬಿದ್ದು ಬಿದ್ದು ನಕ್ಕು, "ಚೆನ್ನಾಗಿದೆ, ಇನ್ನೂ ಸ್ವಲ್ಪ ಆಳ ಬೇಕು" ಅಂದರು. ಒಂದೊಂದು ಪುಟ ಮುಗಿದ ಹಾಗೆ ಭಾವಮೈದನ ಹುಬ್ಬು ಸಡಿಲವಾಗ್ತಾ ಬಂತು. ಏಳನೇದಕ್ಕೆ ಒಂದು ಬಿಸ್ಕತ್ತು ತಗೊಂಡರು. ನಾನು ಮೊದಲನೇ ಸಲ ಪೂರ್ತಿ ಉಸಿರು ಬಿಟ್ಟೆ. ಇದೂ ದಾಟಿಸ್ತಾರೆ, ಎಂಟನೇದನ್ನ ಓದದೆ ಮುಚ್ಚಿಡ್ತಾರೆ ಅಂತ ಬೇಡಿಕೊಂಡೆ.

ಮೇಷ್ಟ್ರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಎಂಟನೇದನ್ನ ಓದಿದರು. ಅದರಲ್ಲಿ ಒಂದಕ್ಷರಾನೂ ಬದಲಾಯಿಸಲಿಲ್ಲ.

"ಅಡ್ಡಹೆಸರು ಏಣಿ. ವಯಸ್ಸು ಎಪ್ಪತ್ತೆರಡು. ಬೇಕಾದ್ದು: ಯಾರಾದ್ರೂ ಮನೆಗೆ ಬಂದು ಕೂತು ಮಾತು ಕೇಳಬೇಕು. ಹೆದರೋದು: ಫೋನ್ ಬರದೇ ಹೋಗುತ್ತೆ ಅಂತ. ಈಗ ಇವರ ಮಾತು ಯಾರೂ ಕೇಳಲ್ಲ. ಪರಿಚಯ ಆಗಬೇಕಾದೋರೆಲ್ಲ ಆದರು. ಸಿನಿಮಾ ಗಟ್ಟಿಯಾದ ಮೇಲೆ ದೂರ ಇಡಬೇಕು, ಜೊತೆಗೆ ಕಾಣಿಸಿಕೊಂಡರೆ ನಾವೂ ಹಳಬರು ಅನ್ನಿಸಿಕೊಳ್ತೀವಿ."

ನಾನು ಟೈಪ್ ಮಾಡಿದ ಮಾತನ್ನ ಅವರ ದನಿಯಲ್ಲೇ ಕೇಳಿದೆ. ಮೇಜಿನ ಸುತ್ತ ಯಾರೂ ನಗಲಿಲ್ಲ. ಪ್ರೊಡ್ಯೂಸರ್ ಪೆನ್ನು ಟಕ್ ಅನ್ನಿಸಿ, "ಯಾಕೋ ಇದು ಹಿಡಿಸಲಿಲ್ಲ ಮೇಷ್ಟ್ರೇ. ಮುದುಕ, ಅಳುಮುಂಜಿ. ಕಥೆಗೂ ಇವನಿಗೂ ಏನ್ ಸಂಬಂಧ? ತೆಗೆದು ಹಾಕಿಬಿಡೋಣ" ಅಂದರು. ಭಾವಮೈದ ತಲೆ ಆಡಿಸಿದರು.

ಮೇಷ್ಟ್ರು ನಮ್ಮನೆಯವರ ಕಡೆ ತಿರುಗಿದರು. "ಬರೆದೋನು ನೀನಪ್ಪ. ಇರಲಾ, ತೆಗೀಲಾ?"

ಒಂದು ಮಾತು ಸಾಕಿತ್ತು. ಇರಲಿ ಮೇಷ್ಟ್ರೇ ಅಂತ ಒಂದೇ ಒಂದು ಮಾತು. ನಮ್ಮನೆಯವರು ಮೇಷ್ಟ್ರ ಮುಖ ನೋಡಿದರು, ಪ್ರೊಡ್ಯೂಸರ್ ಮುಖ ನೋಡಿದರು, ಭಾವಮೈದನ ತಲೆ ನೋಡಿದರು. ಹೇಳ್ರೀ, ಹೇಳ್ರೀ ಅಂತ ನನ್ನ ಮನಸ್ಸು ಕೂಗ್ತಾ ಇತ್ತು. ಬಾಯಿ ಮಾತ್ರ ನನ್ನದೂ ಬಿಗಿದುಕೊಂಡೇ ಇತ್ತು, ಯಾಕಂದ್ರೆ ಆ ಹೂಂ ನನಗೂ ಬೇಕಾಗಿತ್ತು.

"ತೆಗೀರಿ ಮೇಷ್ಟ್ರೇ" ಅಂದರು.

"ಸರಿ" ಅಂತ ಮೇಷ್ಟ್ರು ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಆಮೇಲೆ ಎಲ್ಲರ ಮುಂದಿನ ಪ್ರತಿಗಳನ್ನ ಎಳೆದುಕೊಂಡು, ಹನ್ನೆರಡರಲ್ಲೂ ಮೊದಲ ಎಂಟು ಪುಟ ಹರಿದು ತೆಗೆದರು. "ಕರಡು ಇಟ್ಕೊಂಡು ಓದೋದು ಬೇಡ. ಆಯಮ್ಮ ತಿದ್ದಿದ್ದು ತಂದಿರಬೇಕು ನೋಡಿ" ಅಂತ ನನ್ನ ಕಡೆ ಕೈ ತೋರಿಸಿದರು. ನೀಲಿ ಕ್ಲಿಪ್ಪಿನ ಕಟ್ಟು ಮೇಜಿನ ಮೇಲಿಟ್ಟೆ. "ಅಡುಗೆಯವನು ಎಲ್ಲಿ?" ಅಂತ ಯಾರೋ ಕೇಳಿದ್ದಕ್ಕೆ, "ಅವನು ಎರಡನೇ ಭಾಗದಲ್ಲಿ ಬರ್ತಾನೆ" ಅಂದುಬಿಟ್ಟರು ಮೇಷ್ಟ್ರು. ಮಂಡಿ ನೋವು, ಇಷ್ಟು ಹೊತ್ತು ಕೂರೋಕಾಗಲ್ಲ ಅಂತ ಎದ್ದರು. ಯಾರೂ ತಡೀಲಿಲ್ಲ, ಓದು ಆಗಲೇ ಮೊದಲನೇ ಸೀನಿಗೆ ಹೋಗಿತ್ತು.

ನಾನು ಮೆಟ್ಟಿಲ ತನಕ ಹಿಂದೆ ಓಡಿದೆ. "ಮೇಷ್ಟ್ರೇ" ಅಂದೆ. ಅವರು ಹರಿದ ಪುಟಗಳನ್ನ ನನ್ನ ಕೈಗೆ ಕೊಟ್ಟರು. "ಸುಟ್ಟುಬಿಡಮ್ಮ. ಇನ್ನೊಬ್ಬರ ಕೈಗೆ ಸಿಕ್ಕರೆ ಅವನಿಗೆ ಕಷ್ಟ." ಎರಡು ಮೆಟ್ಟಿಲು ಇಳಿದವರು ಗೋಡೆ ಹಿಡಿದು ನಿಂತರು. "ಆ ಫೋನಿನ ವಿಷಯ ಅವನಿಗೆ ಹೇಗೆ ಗೊತ್ತಾಯ್ತಮ್ಮ? ನಾನು ಯಾರಿಗೂ ಹೇಳಿರಲಿಲ್ಲ."

ನಾನೇ ಹೇಳಿದ್ದು. ಒಂದು ಸಲ ಇವರು ಮನೇಲಿಲ್ಲದಾಗ ಅವರು ಫೋನ್ ಮಾಡಿ, ಒಂದು ಗಂಟೆ ಮಾತಾಡಿ, ಇಡೋವಾಗ "ಈಚೆಗೆ ಈ ಫೋನ್ ಸತ್ತೇಹೋಗಿದೆ ಅನ್ನಿಸುತ್ತಮ್ಮ, ಎತ್ತಿ ಎತ್ತಿ ನೋಡ್ತೀನಿ" ಅಂದಿದ್ದರು. ಪಾಪ ಅಂತ ಸಂಜೆ ನಮ್ಮನೆಯವರಿಗೆ ಹೇಳಿದ್ದೆ. ಮೇಷ್ಟ್ರು ನನ್ನ ಮುಖಾನೇ ನೋಡ್ತಾ ನಿಂತಿದ್ದರು. ಅವರಿಗೂ ಆಗ ನೆನಪಾಯಿತು ಅಂತ ಕಾಣುತ್ತೆ, "ಓ" ಅಂದರು, ಅಷ್ಟೇ.

ಮೊದಲನೇ ಸೀನಿಗೇ ಒಳಗಿಂದ ಚಪ್ಪಾಳೆ ಕೇಳಿಸ್ತು. ಅವರು ಕೈ ಬೀಸಿ "ಹೋಗಮ್ಮ, ನಿನ್ನ ಯಜಮಾನ ಗೆದ್ದ, ಹೋಗು" ಅಂದರು. ನಾನು ಹೋದೆ.