ಚಪ್ಪಲಿ ಅಂಗಡಿಯ ಬರಿಗಾಲು

ಚಪ್ಪಲಿ ಅಂಗಡಿಯಲ್ಲಿ ದುಡಿಯುವವನು ಬರಿಗಾಲಲ್ಲಿ ಬೆಟ್ಟ ಹತ್ತುತ್ತಾನೆಂದರೆ ಯಾರಿಗಾದರೂ ನಗು ಬರುತ್ತದೆ. ವಿದ್ಯಾರಣ್ಯಪುರಂನಲ್ಲಿ ರುದ್ರಸ್ವಾಮಿಯನ್ನು ನೋಡಿ ಇಡೀ ಬೀದಿಯೇ ನಗುತ್ತಿತ್ತು. ಅವನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಹೋಟ್ಲೋನು ಮನೇಲಿ ಉಣ್ಣಲ್ವಾ? ಇದೂ ಅಂಗೇ ಕಣ್ರೀ" ಎನ್ನುತ್ತಿದ್ದ. ಆ ಮಾತು ಇದಕ್ಕೆ ಹೇಗೆ ಹೊಂದುತ್ತದೆಂದು ಯಾರೂ ಕೇಳಲಿಲ್ಲ.

ಶುರುವಾದದ್ದು ತಾಯಿಯ ಹರಕೆಯಿಂದ. ಮಗನಿಗೊಂದು ಕೆಲಸ ಸಿಕ್ಕರೆ ಬರಿಗಾಲಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತೇನೆಂದು ಪಾರ್ವತಮ್ಮ ಹರಸಿಕೊಂಡಿದ್ದರು. ತೊಂಬತ್ತನೇ ಇಸವಿಯಲ್ಲಿ ಅರಸು ರಸ್ತೆಯ ಚಪ್ಪಲಿ ಅಂಗಡಿಯಲ್ಲಿ ಕೆಲಸವೇನೋ ಸಿಕ್ಕಿತು, ಅಷ್ಟರಲ್ಲಿ ಆಕೆಯ ಮಂಡಿ ಕೈಕೊಟ್ಟಿತ್ತು. "ನನ್ ಬದ್ಲು ನೀನೇ ಹತ್ಬುಡಪ್ಪ. ಅಮ್ಮನೋರಿಗೆ ಗೊತ್ತಾಗುತ್ತೆ" ಎಂದರು. ಮಗ ಹತ್ತಿದ. ಹರಕೆ ಅಂದೇ ತೀರಿತು, ಆದರೆ ಅಂಗಾಲಿಗೆ ರುಚಿ ಹತ್ತಿಬಿಟ್ಟಿತು. ಮುಂದಿನ ಭಾನುವಾರವೂ ಹೋದ. ಮೆಟ್ಟಿಲ ದಾರಿಯಲ್ಲಿ ಜನ ಜಾಸ್ತಿ ಎಂದು ಉತ್ತನಹಳ್ಳಿ ಕಡೆಯ ಕಾಲುದಾರಿ ಹಿಡಿದ. ಅಲ್ಲಿ ಗರಸು ನೆಲ, ಜಾರುವ ಬಂಡೆ, ಕಾರೆ ಮುಳ್ಳು. ಮೊದಲ ವರ್ಷವೆಲ್ಲ ಅವನ ಹೆಂಡತಿ ಸರ್ವಮಂಗಳಾ ಭಾನುವಾರ ಸಂಜೆಯಾದರೆ ಪಿನ್ನು ಹಿಡಿದು ಮುಳ್ಳು ತೆಗೆಯುತ್ತಾ, "ಇದೇನ್ರೀ, ಕಾಲೋ ಮುಳ್ಳುಬೇಲಿನೋ?" ಎಂದು ಬೈಯುತ್ತಿದ್ದಳು. ನಾಲ್ಕನೇ ವರ್ಷಕ್ಕೆ ಆ ಪಿನ್ನು ಕೆಲಸವಿಲ್ಲದೆ ತುಕ್ಕು ಹಿಡಿಯಿತು.

ಅಂಗಡಿಯಲ್ಲಿ ಅವನದೊಂದು ಗಿಡ್ಡ ಸ್ಟೂಲು. ಅದರ ಮೇಲೆ ಕೂತು, ಗಿರಾಕಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಒಮ್ಮೆ ಹಿಡಿದರೆ ಸಾಕು, ನಂಬರು ಹೇಳುತ್ತಿದ್ದ. ಅಳತೆಪಟ್ಟಿ ಗೋಡೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ವಯಸ್ಸಿನಲ್ಲಿ ಚಿಕ್ಕವರು ಸಂಕೋಚದಿಂದ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. "ಅಯ್ಯೋ, ದೊಡ್ಡೋರು ನೀವು, ನಮ್ ಕಾಲು ಮುಟ್ಬೇಡಿ" ಎನ್ನುತ್ತಿದ್ದರು. "ಕೊಡಮ್ಮ, ಕಾಲಲ್ಲಿ ದೊಡ್ಡದು ಚಿಕ್ಕದು ನೋಡೋದೇ ನನ್ ಕೆಲ್ಸ" ಎಂದು ಅವನು ನಗುತ್ತಿದ್ದ. ಅವರು ಮೊದಲು ಬಗ್ಗಿ ಅವನ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಕಾಲು ಚಾಚುತ್ತಿದ್ದರು. ಹೀಗೆ ದಸರಾ ಬಂದರೆ ಅರ್ಧ ಮೈಸೂರು ಅವನಿಗೆ ನಮಸ್ಕಾರ ಮಾಡಿ ಹೋಗುತ್ತಿತ್ತು. ಯಾವ ಮಠದ ಸ್ವಾಮಿಗೂ ಅಷ್ಟು ಸುಲಭಕ್ಕೆ ಸಿಗದ ಮರ್ಯಾದೆ ಅದು. ರುದ್ರಸ್ವಾಮಿಗೆ ಆ ಸ್ಟೂಲೆಂದರೆ ಪ್ರಾಣ.

ಎರಡು ಸಾವಿರದ ನಾಲ್ಕರಲ್ಲಿ ಹಳೆಯ ಸಾಹುಕಾರರು ಮನೆಯಲ್ಲಿ ಕೂತರು, ಮಗ ಮಹಾಂತೇಶ ಗಲ್ಲಾದಲ್ಲಿ ಕೂತ. ಹುಡುಗ ಕೆಟ್ಟವನಲ್ಲ, ಸ್ವಲ್ಪ ಆತುರಗಾರ. ಬಂದವನೇ ಟ್ರೆಕ್ಕಿಂಗ್ ಶೂ ಎಂದು ಇಟ್ಟಿಗೆಯಷ್ಟು ಭಾರದ ಮಾಲು ತರಿಸಿ, ಗಾಜಿನ ಕಪಾಟಿನಲ್ಲಿ ಜೋಡಿಸಿದ. ತಿಂಗಳಾದರೂ ಒಂದು ಜೊತೆ ಅಲ್ಲಾಡಲಿಲ್ಲ. ಅಷ್ಟರಲ್ಲಿ ಕಾಲೇಜೊಂದರ ಮೇಡಂ ಮೈತ್ರೇಯಿ ಬಂದರು. ಅವರ ಚಾರಣ ಸಂಘದ ಇಪ್ಪತ್ತು ವಿದ್ಯಾರ್ಥಿಗಳಿಗೂ ಶೂ ಬೇಕಿತ್ತು. ಮೊದಲು ಚಾಮುಂಡಿ ಬೆಟ್ಟದ ಹಿಂಬದಿಯಲ್ಲಿ ಅಭ್ಯಾಸ ಮಾಡುತ್ತೇವೆ ಎಂದರು.

ರುದ್ರಸ್ವಾಮಿಯ ಬಾಯಿ ಸುಮ್ಮನಿರಬೇಕಲ್ಲ. "ಆ ದಾರಿಗೆ ಇಷ್ಟು ಭಾರದ್ದು ಯಾಕೆ ಮೇಡಂ? ನಾನು ಬರಿಗಾಲಲ್ಲೇ ಹೋಗ್ತೀನಿ."

ಮೈತ್ರೇಯಿ ನಕ್ಕು ಶೂ ಕೆಳಗಿಟ್ಟರು. "ಹಾಗಾದ್ರೆ ಈ ಭಾನುವಾರ ನೀವೇ ದಾರಿ ತೋರಿಸಿ. ಶೂ ವಿಷಯ ಆಮೇಲೆ ನೋಡೋಣ" ಎಂದು ಹೊರಟುಹೋದರು.

ಮಹಾಂತೇಶನಿಗೆ ಉರಿದುಹೋಯಿತು. "ರುದ್ರಣ್ಣ, ಬಂದ ಲಕ್ಷ್ಮೀನ ಬಾಗಿಲಲ್ಲೇ ಒದ್ಬುಟ್ರಲ್ಲ! ಭಾನುವಾರ ನಾನೂ ಬರ್ತೀನಿ. ನೀವು ನಮ್ ಶೂ ಹಾಕ್ಕೊಂಡು ಮುಂದೆ ನಡೀಬೇಕು, ಅವ್ರು ನೋಡ್ಬೇಕು. ಈ ವ್ಯಾಪಾರ ತಪ್ಪಿದ್ರೆ ಸೋಮವಾರದಿಂದ ನೀವು ಗೋಡೌನ್ ನೋಡ್ಕೊಳಿ." ಸುಮ್ಮನೆ ಹೆದರಿಸುತ್ತಿಲ್ಲವೆಂದು ತೋರಿಸಲು ಅಂದು ಸಂಜೆಯೇ ಸ್ಟೂಲನ್ನೂ ಗೋಡೌನಿಗೆ ಸಾಗಿಸಿದ.

ಗೋಡೌನಿನಲ್ಲಿ ಡಬ್ಬಗಳಿವೆ, ಕಾಲುಗಳಿಲ್ಲ. ರುದ್ರಸ್ವಾಮಿಗೆ ನಿಜವಾಗಿಯೂ ದುಃಖವಾಯಿತು. ಮನೆಗೆ ಬಂದು ಹೇಳಿದರೆ ಸರ್ವಮಂಗಳಾ, "ಒಂದಿನ ಹಾಕ್ಕೊಂಡ್ರೆ ಕಾಲೇನು ಉದುರೋಗಲ್ಲ, ಹಾಕ್ಕೊಳ್ರೀ" ಎಂದಳು. ಅವನಿಗೂ ಸರಿ ಎನಿಸಿತು.

ಭಾನುವಾರ ಬೆಳಿಗ್ಗೆ ಹೊಳೆಯುವ ಶೂ ತೊಟ್ಟು ಅವನು ಮುಂದೆ ನಡೆದ. ಹಿಂದೆ ಮೈತ್ರೇಯಿ, ಇಪ್ಪತ್ತು ಮಕ್ಕಳು. ಕೊನೆಯಲ್ಲಿ, ಅಂಥದೇ ಶೂ ತೊಟ್ಟ ಮಹಾಂತೇಶ. ಅರ್ಧ ಬೆಟ್ಟದಲ್ಲಿ ಲಂಟಾನದ ಪೊದೆಗಳ ನಡುವೆ ದಾರಿ ಕವಲೊಡೆಯುತ್ತದೆ. ರುದ್ರಸ್ವಾಮಿ ಅಲ್ಲಿ ನಿಂತವನು ನಿಂತೇಬಿಟ್ಟ. ಎಡಕ್ಕೋ ಬಲಕ್ಕೋ? ಹದಿನಾಲ್ಕು ವರ್ಷದಲ್ಲಿ ಅವನು ಈ ಜಾಗವನ್ನು ಕಣ್ಣಿಂದ ನೋಡಿಯೇ ಇರಲಿಲ್ಲ, ಕಾಲು ತಾನಾಗಿ ತಿರುಗುತ್ತಿತ್ತು. ಈಗ ಕಾಲು ಮೂಗನಂತಿತ್ತು. ಇಪ್ಪತ್ತೆರಡು ಜನ ಕಾಯುತ್ತಿದ್ದರು. ಗತ್ತು ಬಿಡದೆ ಬಲಕ್ಕೆ ತಿರುಗಿದ.

ಮುಕ್ಕಾಲು ಗಂಟೆ ಮುಳ್ಳಿನಲ್ಲಿ ಹೆಣಗಿದ ಮೇಲೆ ದಾರಿ ಹಳೆಯ ಕಲ್ಲುಗುಂಡಿಯೊಂದರ ಅಂಚಿಗೆ ಬಂದು ನಿಂತಿತು. ಮುಂದೆ ಏನೂ ಇರಲಿಲ್ಲ. ಬಿಸಿಲೇರಿತ್ತು, ನೀರಿನ ಬಾಟಲಿಗಳು ಬರಿದಾಗಿದ್ದವು. ಮಹಾಂತೇಶ ಕಲ್ಲಿನ ಮೇಲೆ ಕುಸಿದು ಕೂತು ತನ್ನ ಕಾಲಿನ ಕಡೆ ಅಳುಮುಖ ಮಾಡಿ ನೋಡುತ್ತಿದ್ದ. ಶೂ ಕಚ್ಚಿತ್ತು.

ಇಲ್ಲೇ ಶೂ ಬಿಚ್ಚಿದರೆ ಸ್ಟೂಲು ಹೋದ ಹಾಗೇ ಎಂದು ರುದ್ರಸ್ವಾಮಿಗೆ ಗೊತ್ತಿತ್ತು. ಮಕ್ಕಳ ಒಣಗಿದ ತುಟಿಗಳನ್ನು ನೋಡಿದ. ಲೇಸು ಎಳೆದ, ಎರಡೂ ಶೂಗಳನ್ನು ಕಟ್ಟಿ ಕೊರಳಿಗೆ ನೇತುಹಾಕಿಕೊಂಡ.

ಎಲ್ಲರನ್ನೂ ಕವಲಿಗೆ ವಾಪಸ್ ಕರೆದೊಯ್ದು, ಎರಡು ದಾರಿಗೂ ಒಂದೊಂದು ಕಾಲಿಟ್ಟ. ಬಲಗಾಲಿನ ಕೆಳಗೆ ಮಣ್ಣು ಉಪ್ಪಿಟ್ಟಿನ ದಪ್ಪ ರವೆ, ಎಡಗಾಲಿನ ಕೆಳಗೆ ಪ್ರತಿ ಭಾನುವಾರ ತುಳಿದ ನುಣ್ಣನೆಯ ಚಿರೋಟಿ ರವೆ. ಹಳೆಯ ಸ್ನೇಹಿತ ಸಿಕ್ಕಷ್ಟು ಖುಷಿಯಾಯಿತು. "ಎಡಕ್ಕೆ ಕಣ್ರಪ್ಪಾ!" ಎಂದು ಕೂಗಿ ಹೊರಟೇಬಿಟ್ಟ. ಅರ್ಧ ಗಂಟೆಯಲ್ಲಿ ಎಲ್ಲರೂ ಮೇಲಿನ ರಸ್ತೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು.

"ಅಷ್ಟು ವರ್ಷದಿಂದ ಬರ್ತಿದ್ದೀರಿ, ಮೊದಲು ಯಾಕೆ ದಾರಿ ತಪ್ಪಿದ್ರಿ?" ಎಂದು ಮೈತ್ರೇಯಿ ಕೇಳಿದರು.

ರುದ್ರಸ್ವಾಮಿ ಮಹಾಂತೇಶನ ಮುಖ ನೋಡಲಿಲ್ಲ. "ಶೂ ಹಾಕಿದ್ನಲ್ಲ ಮೇಡಂ, ಅದಕ್ಕೆ."

ಮಕ್ಕಳು ಹೋ ಎಂದರು. "ಹಾಗಾದ್ರೆ ನಾವೂ ಬರಿಗಾಲಲ್ಲೇ ನಡೀಬೇಕಾ?"

"ಬ್ಯಾಡಿ ಬ್ಯಾಡಿ! ನನ್ ಕಾಲು ಹಿಂಗಾಗಕ್ಕೆ ನಾಕು ವರ್ಷ ಮುಳ್ಳು ತಿಂದೈತೆ. ನಿಮ್ ಅಂಗಾಲು ಬೆಣ್ಣೆ ಇದ್ದಂಗದೆ, ನಿಮ್ಗೆ ಶೂ ಬೇಕೇ ಬೇಕು. ಆದ್ರೆ ಇಟ್ಟಿಗೆ ಅಂತಾದ್ದಲ್ಲ, ಹಗುರಾಗಿರೋದು."

ಮೈತ್ರೇಯಿ ಅವನನ್ನೇ ನೋಡುತ್ತಾ ಮಜ್ಜಿಗೆ ಮುಗಿಸಿದರು. "ನಾಳೆ ಸಂಜೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಅಳತೆ ಮಾತ್ರ ನೀವೇ ನೋಡ್ಬೇಕು" ಎಂದರು. ಮಹಾಂತೇಶ ಬಸ್ಸಿನಲ್ಲಿ ಕೆಳಗಿಳಿಯುವಾಗ ಕಿಟಕಿಯಾಚೆಗೇ ನೋಡುತ್ತಿದ್ದ.

ಸೋಮವಾರ ರುದ್ರಸ್ವಾಮಿ ಯಾರೂ ಹೇಳುವ ಮೊದಲೇ ಗೋಡೌನಿಗೆ ಹೋಗಿ ಡಬ್ಬ ಜೋಡಿಸತೊಡಗಿದ. ನಾಲ್ಕು ಜನರ ಮುಂದೆ ಸಾಹುಕಾರನ ಮಾಲನ್ನು ಇಟ್ಟಿಗೆ ಎಂದವನಿಗೆ ಇನ್ನೆಲ್ಲಿ ಜಾಗ? ಹತ್ತು ಗಂಟೆಗೆ ಮಹಾಂತೇಶ ಹವಾಯಿ ಚಪ್ಪಲಿಯಲ್ಲಿ ಕುಂಟುತ್ತಾ ಬಂದ. ಗಲ್ಲಾಕ್ಕೆ ಹೋಗದೆ ಗಿರಾಕಿಗಳ ಬೆಂಚಿನ ಮೇಲೆ ಕೂತ.

"ರುದ್ರಣ್ಣ! ಎಲ್ಲಿದ್ದೀರಿ?"

"ಗೋಡೌನಲ್ಲಿ ಸಾರ್."

"ಅಲ್ಲೇನು ಕೆಲ್ಸ ನಿಮ್ಗೆ? ಸ್ಟೂಲ್ ತಗೊಂಡು ಬನ್ನಿ."

ರುದ್ರಸ್ವಾಮಿ ಸ್ಟೂಲು ತಂದು ಹಳೆಯ ಜಾಗದಲ್ಲೇ ಹಾಕಿ ಕೂತ. ಈ ಹುಡುಗನಿಗೆ ಮೊದಲ ಸ್ಕೂಲ್ ಶೂ ತೊಡಿಸಿದ್ದೂ ಇದೇ ಸ್ಟೂಲಿನ ಮೇಲೆ ಕೂತು. ಕಾಲು ಕೊಡಿ ಎಂದು ಕೈ ಚಾಚಿದ. ಮಹಾಂತೇಶ ಮೊದಲು ಬಗ್ಗಿ ಅವನ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಬೊಬ್ಬೆಯೆದ್ದ ಕಾಲನ್ನು ಮುಂದಿಟ್ಟ.

ರುದ್ರಸ್ವಾಮಿ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದ. ಹೆಬ್ಬೆರಳಿಂದ ಬೊಬ್ಬೆಯ ಸುತ್ತ ಮೆಲ್ಲಗೆ ಸವರಿದ.

"ಏಳು ಹಾಕ್ಕೊಂಡಿದ್ರಿ. ನಿಮ್ದು ಎಂಟು ಕಣಪ್ಪ."